ಬೋರ್ಡಿಲ್ಲದ ಬಸ್ಸು, ಹೆಸರಿಲ್ಲದ ಲಿಂಕು

ಮಡಿಕೇರಿಯ ಖಾಸಗಿ ಬಸ್ ನಿಲ್ದಾಣದಲ್ಲಿ ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ನಿಂತು ನೋಡಿ. ಬೋರ್ಡ್ ಕಾಣದಿದ್ದರೂ ಚಿಂತೆಯಿಲ್ಲ. “ನಾಪೋಕ್ಲು, ನಾಪೋಕ್ಲು”, “ಸುಂಟಿಕೊಪ್ಪ, ಕುಶಾಲನಗರ” ಎಂದು ಕಂಡಕ್ಟರ್ ಕೂಗುತ್ತಲೇ ಇರುತ್ತಾನೆ. ಒಂದು ದಿನ ಎಲ್ಲ ಕಂಡಕ್ಟರುಗಳೂ ಊರಿನ ಹೆಸರು ಬಿಟ್ಟು ಬರೀ “ಬಸ್ಸು, ಬಸ್ಸು” ಎಂದು ಕೂಗಿದರೆ? ಕಣ್ಣು ಕಾಣದವರು ಯಾವುದಕ್ಕೆ ಹತ್ತಬೇಕು?

ಮೊಬೈಲ್ ಹಿಡಿದ ನಮ್ಮ ಕೆಲವರಿಗೆ ಇದು ದಿನನಿತ್ಯದ ಪಾಡು.

ಸುಂಟಿಕೊಪ್ಪ ಕಡೆಯಲ್ಲಿ ನಮಗೆ ಪರಿಚಯದ ಕಾಕ ಒಬ್ಬರಿದ್ದಾರೆ. ಸಕ್ಕರೆ ಕಾಯಿಲೆಯಿಂದ ಅವರ ಎರಡೂ ಕಣ್ಣಿನ ದೃಷ್ಟಿ ಹೋಗಿದೆ. ಆದರೂ ಫೋನ್ ಬಿಟ್ಟಿಲ್ಲ. ಪರದೆಯ ಮೇಲೆ ಇರುವುದನ್ನು ಓದಿ ಹೇಳುವ ‘ಟಾಕ್‌ಬ್ಯಾಕ್’ ಅವರ ಫೋನಿನಲ್ಲಿ ಸದಾ ಆನ್. ಬೆರಳಿನಿಂದ ಬಲಕ್ಕೆ ಸವರಿದರೆ ಮುಂದಿನದನ್ನು ಓದುತ್ತದೆ, ಎರಡು ಸಲ ತಟ್ಟಿದರೆ ತೆರೆಯುತ್ತದೆ. ಗಲ್ಫ್‌ನಲ್ಲಿರುವ ಮಗನಿಗೆ ಕರೆ ಮಾಡುವುದು, ಕಾಳುಮೆಣಸಿನ ದರ ಕೇಳುವುದು, ಎಲ್ಲ ಅವರೇ ಮಾಡಿಕೊಳ್ಳುತ್ತಾರೆ.

ನಾವು ಹೋದ ದಿನ ಅವರು ಮಗಳ ಸ್ಕಾಲರ್‌ಶಿಪ್ ಅರ್ಜಿ ಏನಾಯಿತೆಂದು ನೋಡಲು ಕೂತಿದ್ದರು. ಪುಟ ತೆರೆಯಿತು. ಬೆರಳು ಸವರಿದರು. “ಲಿಂಕ್” ಎಂದಿತು ಫೋನ್. ಮತ್ತೆ ಸವರಿದರು. “ಲಿಂಕ್”. ಮೂರನೆಯದಕ್ಕೆ “ಐಎಂಜಿ, ಅಂಡರ್‌ಸ್ಕೋರ್, ಸೊನ್ನೆ, ನಾಲ್ಕು, ಎರಡು” ಎಂದು ಏನೋ ಒದರಿತು. “ಇದು ಎಂಥ ಭಾಷೆ ಮಾರಾಯ್ರೆ, ಬ್ಯಾರಿಯೂ ಅಲ್ಲ, ಕನ್ನಡವೂ ಅಲ್ಲ!” ಎಂದರು ಕಾಕ.

ನಾವು ಬಗ್ಗಿ ನೋಡಿದರೆ ಅಲ್ಲಿ ಮೂರು ಚಿತ್ರ: ಒಂದು ಮನೆ, ಒಂದು ಭೂತಗನ್ನಡಿ, ಒಂದು ಬಾಣದ ಗುರುತು. ಕಣ್ಣಿದ್ದವರಿಗೆ ಮುಖಪುಟ, ಹುಡುಕಾಟ, ಡೌನ್‌ಲೋಡ್ ಎಂದು ಥಟ್ಟನೆ ಗೊತ್ತಾಗುತ್ತದೆ. ಓದುವ ಸಾಫ್ಟ್‌ವೇರ್‌ಗೆ ಗೊತ್ತಾಗುವುದಿಲ್ಲ. ಯಾಕೆ?

ಸ್ಕ್ರೀನ್ ರೀಡರ್ ನಮ್ಮ ಹಾಗೆ ಪರದೆಯನ್ನು ನೋಡುವುದಿಲ್ಲ. ಪುಟದ ಹಿಂದಿರುವ ಕೋಡ್‌ನಲ್ಲಿ ಲಿಂಕಿಗೆ ಹೆಸರಿದೆಯೇ ಎಂದು ಹುಡುಕುತ್ತದೆ. ‘ಏರಿಯಾ-ಲೇಬಲ್’ ಎಂಬ ಜಾಗದಲ್ಲಿ ಹೆಸರು ಬರೆದಿದ್ದರೆ ಅದನ್ನು ಹೇಳುತ್ತದೆ. ಇಲ್ಲದಿದ್ದರೆ ಲಿಂಕಿನೊಳಗಿನ ಅಕ್ಷರ ಅಥವಾ ಚಿತ್ರಕ್ಕೆ ಬರೆದ ವಿವರಣೆ, ಅಂದರೆ ‘ಆಲ್ಟ್’ ಬರಹ. ಕೊನೆಗೆ ‘ಟೈಟಲ್’. ಯಾವುದೂ ಸಿಗದಿದ್ದರೆ ಬರೀ “ಲಿಂಕ್” ಎನ್ನುತ್ತದೆ, ಇಲ್ಲವೇ ಚಿತ್ರದ ಫೈಲ್ ಹೆಸರನ್ನೋ ವಿಳಾಸದ ಬಾಲವನ್ನೋ ಓದುತ್ತದೆ. ಒಂದೊಂದು ಸಾಫ್ಟ್‌ವೇರ್ ಒಂದೊಂದು ಥರ.

ಹಾಗಾದರೆ ಪಕ್ಕದ ಮನೆಯ ಹುಡುಗನನ್ನು ಕರೆದರಾಯಿತಲ್ಲ ಎನ್ನಬಹುದು. ಕಾಕ ಅದನ್ನೇ ಮಾಡುತ್ತಾರೆ. ಆದರೆ ಆಗ ಪಾಸ್‌ವರ್ಡ್ ಹೇಳಬೇಕು, ಒಟಿಪಿ ಹೇಳಬೇಕು, ಬ್ಯಾಂಕಿನಲ್ಲಿ ಎಷ್ಟಿದೆ ಎನ್ನುವುದೂ ಗೊತ್ತಾಗುತ್ತದೆ. ಒಟಿಪಿ ಯಾರಿಗೂ ಹೇಳಬೇಡಿ ಎಂದು ಬ್ಯಾಂಕಿನವರು ಹೇಳುತ್ತಲೇ ಇರುತ್ತಾರೆ. ಹೆಸರಿಲ್ಲದ ಒಂದು ಲಿಂಕು ಅದನ್ನು ಹೇಳಿಸಿಬಿಡುತ್ತದೆ. ಮನೆ ನಡೆಸಿದ ಹಿರಿಯರ ಗುಟ್ಟು ಹೀಗೆ ಬೀದಿಗೆ ಬರುತ್ತದೆ.

ಇದು ಒಂದೆರಡು ಪುಟಗಳ ಕಥೆಯಲ್ಲ. ಅಮೆರಿಕದ ವೆಬ್‌ಏಮ್ ಸಂಸ್ಥೆ ಪ್ರತಿವರ್ಷ 10 ಲಕ್ಷ ವೆಬ್‌ಸೈಟುಗಳ ಮುಖಪುಟಗಳನ್ನು ಪರೀಕ್ಷಿಸುತ್ತದೆ. 2024ರಲ್ಲಿ ಅವುಗಳ ಪೈಕಿ ಶೇ. 44.6ರಲ್ಲಿ ಖಾಲಿ ಲಿಂಕುಗಳಿದ್ದವು.

ಓದುವ ಸಾಧನಕ್ಕೆ ಈಗ ಬರವಿಲ್ಲ. ಆಸ್ಟ್ರೇಲಿಯಾದ ಮೈಕೆಲ್ ಕರನ್ 2006ರಲ್ಲಿ ಶುರುಮಾಡಿ, ಜೇಮ್ಸ್ ಟೆಹ್ ಜೊತೆ ಸೇರಿ ಬೆಳೆಸಿದ ‘ಎನ್‌ವಿಡಿಎ’ ಕಂಪ್ಯೂಟರಿಗೆ ಪೂರ್ತಿ ಉಚಿತ. ಇಬ್ಬರಿಗೂ ಕಣ್ಣು ಕಾಣುವುದಿಲ್ಲ. ಅದು ಕನ್ನಡವನ್ನೂ ಓದುತ್ತದೆ. ಆದರೆ ಬರೆಯದೇ ಇದ್ದದ್ದನ್ನು ಹೇಗೆ ಓದೀತು?

ಕಾನೂನೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ 2017ರ ಏಪ್ರಿಲ್ 19ರಿಂದ ಜಾರಿಯಲ್ಲಿದೆ. ಅದರ 42ನೇ ಸೆಕ್ಷನ್, ಡಿಜಿಟಲ್ ಮಾಹಿತಿ ಎಲ್ಲರಿಗೂ ಎಟಕುವಂತೆ ಸರ್ಕಾರ ನೋಡಿಕೊಳ್ಳಬೇಕು ಎನ್ನುತ್ತದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಇನ್ನೂ ಮುಂದೆ ಹೋಗಿ, ಡಿಜಿಟಲ್ ಸೌಲಭ್ಯ ಸಂವಿಧಾನದ 21ನೇ ವಿಧಿಯ ಬದುಕುವ ಹಕ್ಕಿನ ಭಾಗವೇ ಎಂದು ಹೇಳಿತು. ಬ್ಯಾಂಕಿನ ಕೆವೈಸಿ ಆನ್‌ಲೈನಿನಲ್ಲಿ ಮಾಡಲಾಗದ ಆಸಿಡ್ ದಾಳಿ ಸಂತ್ರಸ್ತರು ಮತ್ತು ದೃಷ್ಟಿಹೀನರ ಪ್ರಕರಣ ಅದು.

ಸರ್ಕಾರದ ಮಾತು ಬಿಡಿ, ನಮ್ಮ ಮನೆಯಂಗಳ ನೋಡೋಣ. ನಮ್ಮ ಅಂಗಡಿಗಳಿಗೆ, ಹೋಮ್‌ಸ್ಟೇಗಳಿಗೆ, ಶಾಲೆಗಳಿಗೆ ಈಗ ವೆಬ್‌ಸೈಟ್ ಇದೆ. ಕೆಳಗೆ ವಾಟ್ಸಾಪಿನ ಹಸಿರು ಗುರುತು, ಫೋನಿನ ಗುರುತು, ಮ್ಯಾಪಿನ ಗುರುತು. ಅವಕ್ಕೆ ಹೆಸರಿದೆಯೇ? ಮಾಡಿಕೊಟ್ಟ ಹುಡುಗರಿಗೆ ಹೇಳಿ: ಗುರುತು ಹಾಗೇ ಇರಲಿ, ಆಲ್ಟ್ ಅಥವಾ ಏರಿಯಾ-ಲೇಬಲ್‌ನಲ್ಲಿ “ವಾಟ್ಸಾಪಿನಲ್ಲಿ ಮಾತಾಡಿ” ಎಂದು ಬರೆಯಲಿ. ಪುಟದ ಅಂದ ಒಂದಿಷ್ಟೂ ಕೆಡುವುದಿಲ್ಲ. ಹತ್ತು ಲಿಂಕಿಗೂ “ಇಲ್ಲಿ ಕ್ಲಿಕ್ ಮಾಡಿ” ಎಂದು ಬರೆದರೂ ಪ್ರಯೋಜನವಿಲ್ಲ. ಅದೂ “ಬಸ್ಸು, ಬಸ್ಸು” ಎಂದು ಕೂಗಿದಂತೆಯೇ.

ಪರೀಕ್ಷೆ ಮಾಡಲು ಇಂಜಿನಿಯರ್ ಬೇಡ. ಫೋನಿನ ಸೆಟ್ಟಿಂಗ್ಸ್‌ನಲ್ಲಿ ಆ್ಯಕ್ಸೆಸಿಬಿಲಿಟಿಗೆ ಹೋಗಿ ಟಾಕ್‌ಬ್ಯಾಕ್ ಆನ್ ಮಾಡಿ, ನಿಮ್ಮ ಪುಟವನ್ನು ಕಣ್ಣು ಮುಚ್ಚಿ ಸವರಿ. ಎಲ್ಲಿ ಬರೀ “ಲಿಂಕ್” ಕೇಳುತ್ತದೋ ಅಲ್ಲಿ ಬೋರ್ಡ್ ಇಲ್ಲ ಎಂದರ್ಥ.

ವೆಬ್‌ಸೈಟ್ ಇಲ್ಲದವರಿಗೂ ಒಂದು ಕೆಲಸವಿದೆ. ಜಮಾಅತ್ತಿನ ಗ್ರೂಪಿಗೆ ಮರಣದ ಸುದ್ದಿ, ರಕ್ತ ಬೇಕೆಂಬ ಮನವಿ, ಮದುವೆಯ ಕರೆ, ಎಲ್ಲವೂ ಬಣ್ಣದ ಪೋಸ್ಟರ್ ಆಗಿ ಬರುತ್ತದೆ. ಕಾಕನ ಫೋನ್ “ಫೋಟೋ” ಎಂದು ಸುಮ್ಮನಾಗುತ್ತದೆ. ಪೋಸ್ಟರ್ ಕೆಳಗೆ ಎರಡು ಸಾಲು ಟೈಪ್ ಮಾಡಿ: ಯಾರು, ಎಲ್ಲಿ, ಎಷ್ಟು ಗಂಟೆಗೆ. ಬ್ಯಾರಿಯಲ್ಲಿ ಬರೆದರೂ ಕನ್ನಡ ಲಿಪಿಯಲ್ಲಿರಲಿ, ಕನ್ನಡದ ಧ್ವನಿಯೇ ಅದನ್ನು ಓದುತ್ತದೆ.

ಹೊರಡುವಾಗ ಕಾಕ ಒಂದು ಮಾತು ಹೇಳಿದರು: “ಹಳೆಯ ಸ್ನೇಹಿತ ತೀರಿಕೊಂಡ ಸುದ್ದಿ ನನಗೆ ಗೊತ್ತಾದದ್ದು ದಫನ್ ಆದ ಮೇಲೆ. ಗ್ರೂಪಿನಲ್ಲಿ ಬೆಳಿಗ್ಗೆಯೇ ಬಂದಿತ್ತಂತೆ, ಫೋಟೋದಲ್ಲಿ.”