ಕಡೆದ ಮರ, ಕೆತ್ತಿದ ತೊಗಲು

ಬಿಡುವಿನ ವೇಳೆಯನ್ನು ಸಾರ್ಥಕಗೊಳಿಸಲು ಮನುಷ್ಯ ಕಂಡುಕೊಂಡ ಉಪಾಯಗಳು ಅನೇಕ. ಅಂಚೆಚೀಟಿ ಕೂಡಿಸುವವರುಂಟು, ಹೂದೋಟ ಬೆಳೆಸುವವರುಂಟು. ಕೈಯಾರೆ ಒಂದು ವಸ್ತುವನ್ನು ರೂಪಿಸುವ ಹವ್ಯಾಸಗಳಲ್ಲಿ ಎರಡನ್ನು ಕುರಿತು ಈ ಹೊತ್ತು ನಾಲ್ಕು ಮಾತು ಹೇಳಬಯಸುತ್ತೇನೆ. ಒಂದು ಮರ ಕಡೆಯುವುದು. ಇನ್ನೊಂದು ತೊಗಲಿನ ಮೇಲೆ ಚಿತ್ತಾರ ಕೆತ್ತುವುದು. ನಾನೇನೂ ಕುಶಲಕರ್ಮಿಯಲ್ಲ, ನಿವೃತ್ತನಾದ ಮೇಲೆ ಉಳಿ ಹಿಡಿದ ಮೇಷ್ಟ್ರು.

ಕನ್ನಡದಲ್ಲಿ ಮಜ್ಜಿಗೆಯನ್ನೂ ಕಡೆಯುತ್ತೇವೆ, ಮರವನ್ನೂ ಕಡೆಯುತ್ತೇವೆ. ಎರಡು ಕೆಲಸಗಳ ಚಲನೆಯಲ್ಲಿಯೂ ಸಾಮ್ಯವಿದೆ. ಹಳೆಯ ಕೈಲೇತಿನಲ್ಲಿ ಬಿಲ್ಲಿನ ಹುರಿ ಮರದ ತುಂಡನ್ನು ಸುತ್ತಿರುತ್ತದೆ. ಬಿಲ್ಲನ್ನು ಹಿಂದಕ್ಕೂ ಮುಂದಕ್ಕೂ ಎಳೆದಾಗ ಮರವು ಕಡಗೋಲಿನಂತೆಯೇ ಅತ್ತಿತ್ತ ತಿರುಗುತ್ತದೆ. ಅದು ಉಳಿಯ ಕಡೆಗೆ ತಿರುಗಿ ಬರುವಾಗ ಒತ್ತಬೇಕು, ಹಿಂದಿರುಗುವಾಗ ಸಡಿಲಿಸಬೇಕು. ವಿದ್ಯುತ್ ಲೇತಿನಲ್ಲಿ ಮರ ಒಂದೇ ದಿಕ್ಕಿಗೆ ತಿರುಗುವುದರಿಂದ ಈ ತಾಳ ಬೇಕಿಲ್ಲ; ಎಚ್ಚರ ಮಾತ್ರ ಇಮ್ಮಡಿ ಬೇಕು.

ಚನ್ನಪಟ್ಟಣದ ಬೊಂಬೆಗಳಿಗೆ ಬಹುಕಾಲದಿಂದ ಬಳಸುತ್ತ ಬಂದದ್ದು ಆಲೆಮರ. ನುಣುಪಾದ ಎಳೆಯ, ಬಿಳಿಯ ಮರವದು. ಬೊಂಬೆಯನ್ನು ಕಡೆದಾದ ಮೇಲೆ, ಅದು ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಅದಕ್ಕೆ ಒತ್ತುತ್ತಾರೆ. ಉಜ್ಜಾಟದಿಂದ ಹುಟ್ಟಿದ ಕಾವಿಗೆ ಅರಗು ಕರಗಿ ಮರಕ್ಕೆ ಅಂಟುತ್ತದೆ. ಬಳಿಕ ಕೇದಿಗೆಯ ಜಾತಿಗೆ ಸೇರಿದ ಗಿಡದ ಗರಿಯನ್ನು ಒತ್ತಿ ಹಿಡಿದರೆ, ಬಣ್ಣ ಸಮನಾಗಿ ಹರಡಿ ಕನ್ನಡಿಯಂತೆ ಹೊಳೆಯುತ್ತದೆ. ಕುಂಚವೂ ಇಲ್ಲ, ಒಲೆಯೂ ಇಲ್ಲ.

ನಾನು ಕಡೆದ ಮೊದಲ ಬಟ್ಟಲು ವಾರದೊಳಗೆ ಸೀಳಿಹೋಯಿತು. ಆತುರದಲ್ಲಿ ಹಸಿಮರವನ್ನೇ ಕಡೆದಿದ್ದೆ. ಮರ ಒಣಗುವಾಗ ಎಲ್ಲ ದಿಕ್ಕಿಗೂ ಒಂದೇ ಸಮನೆ ಕುಗ್ಗುವುದಿಲ್ಲ. ತಿರುಳಿನಿಂದ ಹೊರಮೈಗೆ ಕುಗ್ಗುವುದಕ್ಕಿಂತ ವರ್ಷದುಂಗುರಗಳ ಗುಂಟ ಹೆಚ್ಚು ಕುಗ್ಗುತ್ತದೆ. ಆ ಎಳೆದಾಟವನ್ನು ತಡೆಯಲಾರದೆ ಮರ ಬಿರಿಯುತ್ತದೆ. ಕಾಯುವುದೂ ಕೆಲಸದ ಒಂದು ಭಾಗವೆಂಬುದನ್ನು ಆ ಒಡೆದ ಬಟ್ಟಲು ಕಲಿಸಿತು.

ಇನ್ನು ತೊಗಲು. ಉಬ್ಬುಚಿತ್ತಾರಕ್ಕೆ ಎಲ್ಲ ತೊಗಲೂ ಒದಗುವುದಿಲ್ಲ. ಕ್ರೋಮಿಯಂ ಲವಣದಿಂದ ಹದಮಾಡಿದ ಮೆತುವಾದ ತೊಗಲು ಒತ್ತಿದ ಗುರುತನ್ನು ಉಳಿಸಿಕೊಳ್ಳದು. ತಂಗಡಿಯ ತೊಗಟೆ, ಅಳಲೆಕಾಯಿ ಮೊದಲಾದ ಸಸ್ಯಮೂಲದ ಒಗರಿನಿಂದ ಹದಗೊಂಡದ್ದೇ ಬೇಕು. ಅದನ್ನು ಒದ್ದೆಬಟ್ಟೆಯಿಂದ ನೆನೆಸಿ, ಚಿತ್ರದ ಗೆರೆಗಳನ್ನು ತೊಗಲಿನ ಅರ್ಧ ದಪ್ಪವನ್ನು ಮೀರದಂತೆ ಕೊಯ್ಯಬೇಕು. ಅನಂತರ ಗೆರೆಯ ಒಂದು ಮಗ್ಗುಲಿಗೆ ಮೊಂಡುತುದಿಯ ಲೋಹದ ಕಡ್ಡಿಯನ್ನಿಟ್ಟು ಕೊಡತಿಯಿಂದ ಮೆಲ್ಲಗೆ ತಟ್ಟಿದರೆ, ಆ ಭಾಗ ತಗ್ಗಿ ಹೂವೋ ಎಲೆಯೋ ಮೇಲೇಳುತ್ತದೆ. ಒಣಗಿದ ಮೇಲೆ ಅದು ಹಾಗೆಯೇ ನಿಲ್ಲುತ್ತದೆ. ನಮ್ಮ ತೊಗಲುಬೊಂಬೆಯ ಕಲಾವಿದರ ಮಾರ್ಗ ಬೇರೆ. ಅವರು ಮೇಕೆಯ ಚರ್ಮವನ್ನು ಬೆಳಕು ತೂರುವಷ್ಟು ತೆಳುವಾಗಿ ಹೆರೆದು, ಬಣ್ಣ ಹಾಕಿ, ಒಡವೆಗಳಿರುವೆಡೆ ರಂಧ್ರಗಳನ್ನು ಕೊರೆಯುತ್ತಾರೆ. ಹಿಂದೆ ದೀಪವಿಟ್ಟಾಗ ಆ ರಂಧ್ರಗಳೇ ಮುತ್ತುಗಳಾಗಿ ಮಿನುಗುತ್ತವೆ.

ಈ ಎರಡು ಕೆಲಸಗಳಿಗೂ ಸಮಾನವಾದ ಒಂದು ನಿಯಮವುಂಟು: ತೆಗೆದದ್ದನ್ನು ಮರಳಿ ಹಚ್ಚಲಾಗದು. ಬರೆದ ವಾಕ್ಯವನ್ನು ಹೊಡೆದುಹಾಕಬಹುದು. ಕೊಯ್ದ ಗೆರೆಯನ್ನು ಅಳಿಸಲಾಗದು.

ನಾನು ತೊಗಲನ್ನು ಮನೆಗೆ ತಂದ ದಿನ ನಮ್ಮ ಹಿರಿಯರೊಬ್ಬರು ಮುಖ ಗಂಟಿಕ್ಕಿ, "ಇದೂ ಒಂದು ಹವ್ಯಾಸವೇನಪ್ಪ?" ಎಂದರು. ಮೆಟ್ಟು ಮೆಟ್ಟುವಾಗ, ಮೃದಂಗದ ನಾದಕ್ಕೆ ತಲೆದೂಗುವಾಗ ಇಲ್ಲದ ಮೈಲಿಗೆ, ಕೈಯಲ್ಲಿ ತೊಗಲು ಹಿಡಿದೊಡನೆ ಎಲ್ಲಿಂದ ಬಂತು? ನಾನು ಅವರಿಗೆ ರಥೀಂದ್ರನಾಥ ಠಾಕೂರರ ಸಂಗತಿಯನ್ನು ಹೇಳಿದೆ. ಕವಿ ರವೀಂದ್ರರ ಮಗ. ಅಮೆರಿಕದಲ್ಲಿ ಕೃಷಿವಿಜ್ಞಾನ ಓದಿದವರು. 1951ರಲ್ಲಿ ವಿಶ್ವಭಾರತಿಯ ಮೊದಲ ಉಪಕುಲಪತಿಯಾದವರು. ಅಂಥವರು ಮರಗೆಲಸವನ್ನೂ ತೊಗಲಿನ ಕೆಲಸವನ್ನೂ ತಮ್ಮ ಕೈಯಿಂದಲೇ ಮಾಡಿದರು. ಶಾಂತಿನಿಕೇತನದ ಚಿತ್ತಾರದ ತೊಗಲು ಹೆಸರಾದದ್ದರಲ್ಲಿ ಅವರ ಮತ್ತು ಪತ್ನಿ ಪ್ರತಿಮಾದೇವಿಯವರ ಪಾಲು ದೊಡ್ಡದು.

ಹಿರಿಯರು ಉತ್ತರಿಸಲಿಲ್ಲ. ಆದರೆ ಕೆಲವು ತಿಂಗಳು ಕಳೆದ ಮೇಲೆ, ನಾನು ಮಾಡಿಕೊಟ್ಟ ತೊಗಲಿನ ಕನ್ನಡಕದ ಚೀಲವನ್ನು ಅವರು ಬೇಡವೆನ್ನಲಿಲ್ಲ.

ನಮಗೆ ಇದು ಹವ್ಯಾಸ, ಕೆಟ್ಟರೆ ನಗುತ್ತೇವೆ. ಇದನ್ನೇ ನೆಚ್ಚಿ ಬದುಕುವವನ ತಟ್ಟೆಯ ಅನ್ನವಾದರೋ ಅದೇ ಗೆರೆಯ ಮೇಲೆ ನಿಂತಿದೆ. ಒಂದು ಬಟ್ಟಲನ್ನು ಕಡೆದು ಕೆಡಿಸಿದವನು ಮತ್ತೆಂದೂ ಬೊಂಬೆಯ ಅಂಗಡಿಯ ಮುಂದೆ ನಿಂತು ನಾಲ್ಕು ಕಾಸಿಗೆ ಚೌಕಾಸಿ ಮಾಡಲಾರ. ಈ ಹವ್ಯಾಸ ನನಗೆ ಕೊಟ್ಟದ್ದರಲ್ಲಿ ಬಟ್ಟಲಿಗಿಂತ ಹಿರಿದು ಈ ಸಂಕೋಚವೇ.