ಕಥೆಯ ಬಾಗಿಲಲ್ಲಿ ದೊಡ್ಡಕ್ಷರ

ಮಕ್ಕಳೇ, ಕಥೆಪುಸ್ತಕ ತೆರೆದಾಗ ಮೊದಲ ಅಕ್ಷರ ಮಾತ್ರ ಮೂರು ಸಾಲಿನಷ್ಟು ಎತ್ತರಕ್ಕೆ ನಿಂತಿರುವುದನ್ನು ನೋಡಿದ್ದೀರಲ್ಲವೇ? ಉಳಿದ ಸಾಲುಗಳು ಅದಕ್ಕೆ ಜಾಗ ಬಿಟ್ಟು ಪಕ್ಕಕ್ಕೆ ಸರಿದಿರುತ್ತವೆ. ಪುಟ ಜೋಡಿಸುವವರು ಇದನ್ನು ‘ಡ್ರಾಪ್ ಕ್ಯಾಪ್’ ಎನ್ನುತ್ತಾರೆ. ‘ಇಲ್ಲಿಂದ ಓದು’ ಎಂದು ಕಣ್ಣಿಗೆ ಹೇಳುವುದೇ ಅದರ ಕೆಲಸ.

ಈ ರೂಢಿ ಅಚ್ಚಿಗಿಂತ ಹಳೆಯದು. ಯುರೋಪಿನಲ್ಲಿ ಪುಸ್ತಕಗಳನ್ನು ಕೈಯಲ್ಲೇ ನಕಲು ಮಾಡುತ್ತಿದ್ದ ಕಾಲದಲ್ಲಿ ಎಷ್ಟೋ ಸಲ ಬರೆಯುವವನು ಒಬ್ಬ, ಬಣ್ಣ ಹಾಕುವವನು ಇನ್ನೊಬ್ಬ. ಬರೆಯುವವನು ಜಾಗ ಖಾಲಿ ಬಿಟ್ಟು, ಯಾವ ಅಕ್ಷರ ಬರಬೇಕೆಂದು ಚಿಕ್ಕದಾಗಿ ಗುರುತು ಮಾಡಿಡುತ್ತಿದ್ದ. ಆಮೇಲೆ ಚಿತ್ರಗಾರ ಬಂದು ಅಲ್ಲಿ ಬಳ್ಳಿ, ಹಕ್ಕಿ, ಚಿನ್ನದ ರೇಕು ಎಲ್ಲ ಸೇರಿಸಿ ಅಕ್ಷರ ತುಂಬುತ್ತಿದ್ದ. ಅವರು ಬಳಸುತ್ತಿದ್ದ ಸೀಸದ ಕೆಂಪುಬಣ್ಣದ ಹೆಸರು ‘ಮಿನಿಯಂ’. ‘ಮಿನಿಯೇಚರ್’ ಎಂಬ ಮಾತು ಹುಟ್ಟಿದ್ದು ಅದರಿಂದ. ‘ಚಿಕ್ಕದು’ ಎಂಬ ಅರ್ಥ ಆಮೇಲೆ ಅಂಟಿಕೊಂಡಿತು.

ಜರ್ಮನಿಯ ಮೈಂಜ್ ಊರಿನಲ್ಲಿ ಗುಟೆನ್‌ಬರ್ಗ್ 1455ರ ಸುಮಾರಿಗೆ ಬೈಬಲ್ ಅಚ್ಚು ಹಾಕಿದಾಗಲೂ ದೊಡ್ಡಕ್ಷರದ ಜಾಗ ಖಾಲಿಯೇ ಇತ್ತು. ಅದನ್ನು ಕೈಯಲ್ಲೇ ಬರೆಯಬೇಕಿತ್ತು. ಅವನಿಗೆ ಸಾಲ ಕೊಟ್ಟು, ವಸೂಲಿಗೆ ನ್ಯಾಯಾಲಯದ ಮೆಟ್ಟಿಲು ಹತ್ತಿದವನು ಫುಸ್ಟ್. (ಬ್ಯಾಂಕಿನಲ್ಲಿದ್ದವನಾದ್ದರಿಂದ ಈ ಸಂಗತಿ ನನಗೆ ಮರೆಯುವುದೇ ಇಲ್ಲ!) ಅದೇ ಫುಸ್ಟ್, ಶೋಫರ್ ಎಂಬವನ ಜೊತೆ ಸೇರಿ 1457ರಲ್ಲಿ ಒಂದು ಪ್ರಾರ್ಥನಾ ಪುಸ್ತಕ ತಂದ. ಅದರಲ್ಲಿ ಕೆಂಪು, ನೀಲಿ ಎರಡು ಬಣ್ಣದ ಅಲಂಕಾರದ ಅಕ್ಷರಗಳು ಅಚ್ಚಿನಲ್ಲೇ ಮೂಡಿದ್ದವು.

ಇನ್ನು ನಮ್ಮ ಕನ್ನಡಕ್ಕೆ ಬರೋಣ. ಇಂಗ್ಲಿಷಿನಂತೆ ನಮ್ಮಲ್ಲಿ ದೊಡ್ಡಕ್ಷರ, ಸಣ್ಣಕ್ಷರ ಎಂಬ ಭೇದವಿಲ್ಲ. ಆದರೆ ಒತ್ತು, ಗುಣಿತ ಇವೆ. ಮೊನ್ನೆ ಮೊಮ್ಮಗಳು ಒಂದು ಪುಸ್ತಕ ತಂದು, “ತಾತಾ, ಇದೇನು?” ಎಂದಳು. ‘ಸ್ನೇಹ’ ಎಂದು ಶುರುವಾಗಬೇಕಾದ ಕಥೆಯಲ್ಲಿ ‘ಸ’ ಒಂದೇ ದೊಡ್ಡದಾಗಿ ನಿಂತು, ನಕಾರ ಪಕ್ಕದ ಸಾಲಿನಲ್ಲಿ ಅನಾಥವಾಗಿತ್ತು. ಈಗಷ್ಟೇ ಓದಲು ಕಲಿಯುವ ಮಗು ಅದನ್ನು ಹೇಗೆ ಓದಬೇಕು?

ಕಾರಣ ಸರಳ. ‘ಸ್ನೇ’ ನಮಗೆ ಒಂದೇ ಅಕ್ಷರ. ಕಂಪ್ಯೂಟರಿನ ಲೆಕ್ಕದಲ್ಲಿ ಮಾತ್ರ ಸಕಾರ, ಅರ್ಧಾಕ್ಷರದ ಚಿಹ್ನೆ, ನಕಾರ, ಏತ್ವ ಎಂದು ನಾಲ್ಕು. ‘ಮೊದಲ ಒಂದನ್ನು ದೊಡ್ಡದು ಮಾಡು’ ಎಂದರೆ ಕೆಲವು ತಂತ್ರಾಂಶಗಳು ‘ಸ’ ಒಂದನ್ನೇ ಎತ್ತಿಕೊಳ್ಳುತ್ತವೆ. ಪುಟ ಜೋಡಿಸುವವರು ಕಣ್ಣಿಟ್ಟು ನೋಡಿ, ಇಡೀ ಅಕ್ಷರವನ್ನು ಆರಿಸಿಕೊಡಬೇಕು. ಒತ್ತಿಲ್ಲದ ಪದ ಬರಲೆಂದು ಲೇಖಕರ ಮೊದಲ ವಾಕ್ಯವನ್ನೇ ತಿದ್ದುವವರೂ ಇದ್ದಾರಂತೆ. ನನಗೆ ಅದು ಹಿಡಿಸದು.

ನಿಮ್ಮ ಶಾಲೆಯ ಕೈಬರಹ ಪತ್ರಿಕೆಗೆ ನೀವೇ ಒಂದು ಬರೆದು ನೋಡಿ. ಗೆರೆಯಿರುವ ಹಾಳೆಯಲ್ಲಿ ಪೆನ್ಸಿಲಿನಿಂದ ಮೂರು ಸಾಲಿನ ಚೌಕ ಹಾಕಿ. ಒತ್ತಕ್ಷರವಾದರೆ ನಾಲ್ಕು ಸಾಲು ಬೇಕು: ಮೈ ಮೇಲಿನ ಮೂರರಲ್ಲಿ, ಒತ್ತು ನಾಲ್ಕನೆಯದರಲ್ಲಿ. ಇಲ್ಲದಿದ್ದರೆ ಒತ್ತು ಕೆಳಗಿನ ಸಾಲನ್ನು ತುಳಿಯುತ್ತದೆ. ದೊಡ್ಡಕ್ಷರದ ತಲೆಕಟ್ಟು ಪಕ್ಕದ ಮೊದಲ ಸಾಲಿನ ತಲೆಕಟ್ಟಿಗೆ ಸರಿಸಮ ಇರಲಿ. ಪದದ ಉಳಿದ ಭಾಗ ಅದಕ್ಕೆ ಹತ್ತಿರವೇ ಬರಲಿ. ದೂರ ಹೋದರೆ ಎರಡು ಪದವೆಂದು ಓದುತ್ತಾರೆ. ಅಲಂಕಾರ ಕೊನೆಗೆ. ಕಥೆ ನವಿಲಿನದಾದರೆ ‘ನ’ಕ್ಕೆ ಗರಿ ಸಿಕ್ಕಿಸಿ. ಬರೆದಾದ ಮೇಲೆ ಅಜ್ಜಿಗೆ ಕನ್ನಡಕವಿಲ್ಲದೆ ತೋರಿಸಿ, ಯಾವ ಅಕ್ಷರ ಎಂದು ಕೇಳಿ. ಅವರಿಗೆ ಬರೀ ನವಿಲೇ ಕಂಡರೆ ಒಂದೆರಡು ಗರಿ ಅಳಿಸಿ.