ಗೋವಿನಜೋಳದ ಸುಳಿಯೊಳಗಿನ ಸುದ್ದಿ

ಬೆಳಿಗ್ಗೆ ಇಬ್ಬನಿ ಆರುವ ಮೊದಲೇ ಮೊಣಕಾಲೆತ್ತರದ ಗೋವಿನಜೋಳದ ಹೊಲಕ್ಕೆ ಇಳಿದು, ಒಂದು ಗಿಡದ ಸುಳಿಯನ್ನು ಬೆರಳಿನಿಂದ ಬಿಡಿಸಿ ನೋಡಬೇಕು. ಒದ್ದೆಯಾದ ಮರದ ಹೊಟ್ಟಿನಂಥ ಹಿಕ್ಕೆ ಅಲ್ಲಿ ಕಿಕ್ಕಿರಿದಿದ್ದರೆ ಒಳಗೆ ಹುಳು ಇದೆ ಎಂದೇ ಲೆಕ್ಕ. ಹಿಕ್ಕೆಯನ್ನು ಸರಿಸಿದರೆ ಕಂದು ಬಣ್ಣದ, ಉದ್ದುದ್ದ ಗೆರೆಗಳ ಹುಳು ಸುರುಳಿ ಸುತ್ತಿಕೊಳ್ಳುತ್ತದೆ. ರಟ್ಟೀಹಳ್ಳಿ ಸೀಮೆಯ ಹೊಲವೊಂದರಲ್ಲಿ ಹಿರಿಯ ರೈತರೊಬ್ಬರು ಅಂಥದೊಂದನ್ನು ಅಂಗೈ ಮೇಲಿಟ್ಟು ನನಗೆ ತೋರಿಸಿದ್ದರು. ‘ಇದು ನಮ್ಮ ಹಳೇ ಲದ್ದಿ ಹುಳ ಅಲ್ರೀ. ಇದರ ಹಣೀಮ್ಯಾಲೆ ಬರದೈತಿ ನೋಡ್ರಿ.’

ಬರೆದದ್ದು ನಿಜವಾಗಿಯೂ ಇತ್ತು. ತಲೆಯ ಮೇಲೆ ಬಿಳಿ ಗೆರೆಯಲ್ಲಿ ತಲೆಕೆಳಗಾದ ‘ವೈ’ ಅಕ್ಷರ. ಬಾಲದ ಹತ್ತಿರ, ರಂಗೋಲಿಗೆ ಮೊದಲು ಇಡುವ ಚುಕ್ಕಿಗಳ ಹಾಗೆ, ಚೌಕದ ನಾಲ್ಕು ಮೂಲೆಗೆ ನಾಲ್ಕು ಕಪ್ಪು ಚುಕ್ಕಿ.

ಈ ಹಣೆಬರಹವನ್ನು ನಮ್ಮ ದೇಶದಲ್ಲಿ ಮೊದಲು ಓದಿದ್ದು ಇಲ್ಲೇ ನೆರೆಯ ಶಿವಮೊಗ್ಗದಲ್ಲಿ, 2018ರ ಮೇ ತಿಂಗಳಲ್ಲಿ. ಈಗ ಕೆಳದಿ ಶಿವಪ್ಪ ನಾಯಕರ ಹೆಸರು ಹೊತ್ತಿರುವ ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟಶಾಸ್ತ್ರಜ್ಞರಾದ ಶರಣಬಸಪ್ಪ ಮತ್ತು ಸಿ.ಎಂ. ಕಲ್ಲೇಶ್ವರಸ್ವಾಮಿ ಅವರಿಗೆ ಗೋವಿನಜೋಳದಲ್ಲಿ ಸಿಕ್ಕ ಹುಳುಗಳ ಮೇಲೆ ಅನುಮಾನ ಬಂತು. ಲದ್ದಿ ಹುಳು ಈ ನಾಡಿಗೆ ಹೊಸದಲ್ಲ. ‘ಅದೇ ಇರಬೇಕು’ ಎಂದು ಎಸೆದುಬಿಟ್ಟಿದ್ದರೆ ಯಾರೂ ಕೇಳುತ್ತಿರಲಿಲ್ಲ. ಅವರು ಎಸೆಯಲಿಲ್ಲ. ಹುಳುವನ್ನು ಸಾಕಿ ಪತಂಗವಾಗಿಸಿದರು, ಅಂಗಾಂಗ ಹೋಲಿಸಿದರು, ಡಿಎನ್‌ಎ ಪರೀಕ್ಷೆಯಿಂದ ಖಚಿತ ಮಾಡಿಕೊಂಡರು. ಅದು ಸ್ಪೊಡಾಪ್ಟೆರಾ ಫ್ರುಜಿಪರ್ಡಾ. ಅಮೆರಿಕ ಖಂಡದ ಹುಳು. 2016ರ ಆರಂಭದಲ್ಲಿ ಪಶ್ಚಿಮ ಆಫ್ರಿಕಾದಲ್ಲಿ ಕಾಣಿಸಿಕೊಂಡು, ಎರಡೇ ವರ್ಷದಲ್ಲಿ ಆ ಖಂಡದ ಬಹುಪಾಲು ದೇಶಗಳ ಹೊಲ ಮೇಯ್ದಿತ್ತು. ಶಿವಮೊಗ್ಗದ ಆ ವರದಿ ಭಾರತಕ್ಕಷ್ಟೇ ಅಲ್ಲ, ಇಡೀ ಏಷ್ಯಾಕ್ಕೇ ಮೊದಲ ಎಚ್ಚರಿಕೆ. ಜುಲೈ ಕೊನೆಗೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಸಂಸ್ಥೆಯೂ ದೇಶಕ್ಕೆ ಎಚ್ಚರಿಕೆ ಕೊಟ್ಟಿತು.

ಆ ವರ್ಷದ ವಿಜ್ಞಾನ ಸುದ್ದಿಗಳನ್ನು ನೆನೆದರೆ ಮನಸ್ಸು ಮೊದಲು ಆಕಾಶಕ್ಕೇ ಹೋಗುತ್ತದೆ. ಆಗಸ್ಟ್ 12ರಂದು ಪಾರ್ಕರ್ ನೌಕೆ ಸೂರ್ಯನ ಕಡೆಗೆ ಹೊರಟಿತು. ಅದಾದ ಮೂರನೇ ದಿನ ಕೆಂಪುಕೋಟೆಯಿಂದ ಗಗನಯಾನದ ಘೋಷಣೆಯಾಯಿತು. 1977ರಲ್ಲಿ ಹೊರಟಿದ್ದ ವಾಯೇಜರ್-2 ನವೆಂಬರ್ 5ರಂದು ಸೂರ್ಯನ ಗಾಳಿಯ ಎಲ್ಲೆ ದಾಟಿತು. ಇವು ದೊಡ್ಡ ಸುದ್ದಿಗಳೇ. ಓದಿ ನಾನೂ ರೋಮಾಂಚನಗೊಂಡವನು. ಆದರೆ ಹಿರೇಕೆರೂರಿನಿಂದ ಬೇರ್ಪಟ್ಟು ಆಗತಾನೇ ಹೊಸ ತಾಲ್ಲೂಕಾಗಿದ್ದ ರಟ್ಟೀಹಳ್ಳಿಯಲ್ಲಿ ಕೂತು ಯೋಚಿಸಿದರೆ, 2018ರ ಅತಿ ದೊಡ್ಡ ವಿಜ್ಞಾನ ಸುದ್ದಿ ಸುಳಿಯೊಳಗಿನ ಈ ಹುಳುವಿನದೇ. ಇದರಲ್ಲಿ ನನಗೆ ಯಾವ ಸಂಶಯವೂ ಇಲ್ಲ.

ಜುಲೈ 27ರ ರಾತ್ರಿಯನ್ನೇ ತೆಗೆದುಕೊಳ್ಳಿ. ಅಂದು ಈ ಶತಮಾನದ ಅತಿ ದೀರ್ಘ ಪೂರ್ಣ ಚಂದ್ರಗ್ರಹಣ. ನಮ್ಮ ಗಡಿಯಾರದಲ್ಲಿ ರಾತ್ರಿ ಒಂದರಿಂದ ಎರಡೂಮುಕ್ಕಾಲರವರೆಗೆ, 103 ನಿಮಿಷ, ಚಂದ್ರ ಪೂರ್ತಿ ನೆರಳಿನಲ್ಲಿದ್ದ. ಆಗ ಪುಷ್ಯ ಮಳೆಯ ದಿನಗಳು, ಮುಂಗಾರಿನ ಗೋವಿನಜೋಳ ಸುಳಿ ತೆರೆದುಕೊಂಡು ಹುಳುವಿಗೆ ಹೇಳಿ ಮಾಡಿಸಿದ ಎತ್ತರಕ್ಕೆ ಬರುವ ಹೊತ್ತು. ಪತಂಗ ಹಾರುವುದೂ ರಾತ್ರಿಯೇ. ಒಂದು ರಾತ್ರಿಗೆ ಸುಮಾರು ನೂರು ಕಿಲೋಮೀಟರ್ ಹೋಗಬಲ್ಲದು. ಶಿವಮೊಗ್ಗದಿಂದ ರಟ್ಟೀಹಳ್ಳಿಗೆ ನೇರ ಅಳೆದರೆ ಅರವತ್ತು ಕಿಲೋಮೀಟರೂ ಆಗದು. ಸುದ್ದಿ ವಿಶ್ವವಿದ್ಯಾಲಯದಿಂದ ಇಲಾಖೆಗೆ, ಇಲಾಖೆಯಿಂದ ರೈತ ಸಂಪರ್ಕ ಕೇಂದ್ರಕ್ಕೆ, ಅಲ್ಲಿಂದ ಹೊಲಕ್ಕೆ ನಡೆದು ಬರಬೇಕು. ಪತಂಗಕ್ಕೆ ಒಂದು ರಾತ್ರಿ ಸಾಕು.

ಹೆಸರಿನ ಬಗ್ಗೆ ಒಂದು ಮಾತು. ‘ಫಾಲ್ ಸೈನಿಕ ಹುಳು’ ಎಂದು ಕರಪತ್ರಗಳಲ್ಲಿ ಅಚ್ಚಾಗಿರುತ್ತದೆ. ಇಲ್ಲಿ ಫಾಲ್ ಎಂದರೆ ಎಲೆ ಉದುರುವ ಋತು. ಅಮೆರಿಕದ ಉತ್ತರ ಭಾಗದಲ್ಲಿ ಚಳಿಗೆ ಈ ಹುಳು ಸಾಯುತ್ತದೆ. ದಕ್ಷಿಣದ ಬೆಚ್ಚನೆಯ ಸೀಮೆಯಲ್ಲಿ ಉಳಿದವು ಪ್ರತಿ ವರ್ಷ ಹೊಸದಾಗಿ ಬಡಗಣಕ್ಕೆ ಹಾರಿ ಆ ಋತುವಿನ ಹೊತ್ತಿಗೆ ಕಾಟ ಕೊಡುತ್ತವೆ. ನಮ್ಮಲ್ಲಿ ಅದನ್ನು ಕೊಲ್ಲುವಂಥ ಚಳಿ ಎಲ್ಲಿದೆ? ಮುಂಗಾರಿ ಮುಗಿದರೆ ಹಿಂಗಾರಿ, ಅದು ಮುಗಿದರೆ ಬೋರ್‌ವೆಲ್ ನೀರಿನ ಬೇಸಿಗೆ ಪೈರು. ಒಂದು ಹೆಣ್ಣು ಪತಂಗ ಸಾವಿರಕ್ಕೂ ಮಿಕ್ಕಿ ಮೊಟ್ಟೆಯಿಡುತ್ತದೆ. ತಿಂಗಳೊಂದರಲ್ಲಿ ಮುಂದಿನ ಪೀಳಿಗೆ ತಯಾರು. ಹೀಗಾಗಿ ಇದು ಬಂದು ಹೋಗುವ ನೆಂಟನಲ್ಲ, ಮನೆ ಮಾಡಿದ ಒಕ್ಕಲು.

2018ರ ಆ ಹಂಗಾಮಿನಲ್ಲಿ ಕೈಗೆ ಸಿಕ್ಕ ಔಷಧಿ ಹೊಡೆದು ಸೋತವರು ಬಹಳ. ಸೋಲಿಗೆ ಕಾರಣ ಸರಳ. ಹುಳು ಹಗಲು ಸುಳಿಯ ಆಳದಲ್ಲಿರುತ್ತದೆ, ಅದರ ಹಿಕ್ಕೆಯೇ ಮೇಲೆ ಬಿರಡೆಯಂತೆ ಕೂತಿರುತ್ತದೆ. ಎಲೆ ಮೇಲೆ ಬಿದ್ದ ಔಷಧಿ ಅದನ್ನು ಮುಟ್ಟುವುದೇ ಇಲ್ಲ. ಎಲೆಯಲ್ಲಿ ಬೆಳ್ಳನೆಯ ಕಿಟಕಿಯಂಥ ಕೆರೆತ ಕಂಡ ಮೊದಲ ದಿನಗಳಲ್ಲೇ, ಸಂಜೆ ಹೊತ್ತು, ನಳಿಗೆಯನ್ನು ಸುಳಿಗೇ ಹಿಡಿದು ಹೊಡೆಯಬೇಕು. ಬಲಿತ ಹುಳುವಿಗೆ ವಿಷಪಾಷಾಣ: ಎಕರೆಗೆ ಹತ್ತು ಕಿಲೋ ಅಕ್ಕಿ ತೌಡು, ಎರಡು ಕಿಲೋ ಬೆಲ್ಲ, ಸ್ವಲ್ಪ ನೀರು ಕಲಸಿ ಒಂದು ದಿನ ಹುಳಿಯಲು ಬಿಟ್ಟು, ಹಾಕುವ ಅರ್ಧ ತಾಸು ಮೊದಲು ನೂರು ಗ್ರಾಂ ಥಯೋಡಿಕಾರ್ಬ್ ಬೆರೆಸಿ ಸುಳಿಗೆ ಉದುರಿಸುವುದು. ಬೆಲ್ಲದ ವಾಸನೆಗೆ ಹುಳು ತಾನಾಗಿ ಮೇಲೆ ಬರುತ್ತದೆ. ದನಕರು ಆ ಕಡೆ ಸುಳಿಯದಂತೆ ಕಾಯಬೇಕು.

ನನಗೆ ಇದಕ್ಕಿಂತ ಪ್ರಿಯವಾದದ್ದು ಧಾರವಾಡದ ಕೃಷಿ ವಿಶ್ವವಿದ್ಯಾಲಯದವರು ಬೆನ್ನು ಹತ್ತಿದ ದಾರಿ. ನೊಮುರಿಯಾ ರಿಲೆಯಿ ಎಂಬ ಶಿಲೀಂಧ್ರವನ್ನು ಅವರು ಬಹಳ ಹಿಂದಿನಿಂದಲೇ ಬಲ್ಲವರು. ಜಿಟಿಜಿಟಿ ಮಳೆ ಹಿಡಿದಾಗ ಅದು ಹುಳುವಿನ ಮೈಯೊಳಗೆ ಬೆಳೆದು ಅದನ್ನು ಕೊಲ್ಲುತ್ತದೆ. ಹೊಸ ಹುಳುವಿಗೂ ಅದು ನಾಟುತ್ತದೆಂದು 2018ರಲ್ಲೇ ತೋರಿಸಿದರು. ಸತ್ತ ಹುಳು ಎಲೆಗೆ ಅಂಟಿಕೊಂಡೇ ಇರುತ್ತದೆ. ಮೊದಲು ಸುಣ್ಣ ಬಳಿದಂತೆ ಬೆಳ್ಳಗೆ, ಆಮೇಲೆ ಪಾಚಿ ಹಸಿರು. ಕೈಯಿಂದ ಮುಟ್ಟಿದರೆ ಪುಡಿ ಏಳುತ್ತದೆ. ಆ ಪುಡಿಯೇ ಮುಂದಿನ ಹುಳುವಿನ ಸಾವು.

ನವೆಂಬರ್ 16ರಂದು ಫ್ರಾನ್ಸಿನ ವರ್ಸೈಲ್ಸ್‌ನಲ್ಲಿ ಸೇರಿದ್ದ ದೇಶಗಳು ಕಿಲೋಗ್ರಾಂನ ವ್ಯಾಖ್ಯೆಯನ್ನೇ ಬದಲಿಸಲು ಒಪ್ಪಿದವು. ಪ್ಯಾರಿಸ್ ಬಳಿ 1889ರಿಂದ ಜೋಪಾನವಾಗಿಟ್ಟಿದ್ದ ಲೋಹದ ಉರುಳೆಯ ಬದಲು ಇನ್ನು ಪ್ಲಾಂಕ್ ಸ್ಥಿರಾಂಕವೇ ಅಳತೆಗೋಲು. ಆ ಹೊತ್ತಿಗೆ ಮುಂಗಾರಿನ ಗೋವಿನಜೋಳದ ಚೀಲಗಳು ಎಪಿಎಂಸಿ ಅಂಗಳದಲ್ಲಿ ತೂಕಕ್ಕೆ ನಿಲ್ಲುವ ಕಾಲ. ಹುಳು ಮೇಯ್ದ ಹೊಲದ ಚೀಲವನ್ನು ಯಾವ ಕಿಲೋದಲ್ಲಿ ತೂಗಿದರೂ ಕಡಿಮೆಯೇ. ಎರಡೂ ವಿಜ್ಞಾನದ ಸುದ್ದಿ. ಒಂದಕ್ಕೆ ಜಗತ್ತಿನ ಪತ್ರಿಕೆಗಳ ಮುಖಪುಟ ಸಿಕ್ಕಿತು. ಇನ್ನೊಂದಕ್ಕೂ ಅಷ್ಟೇ ಜಾಗ, ಅಷ್ಟೇ ಬೇಗ ಸಿಗಬೇಕಿತ್ತು. ಮುಂದಿನ ಜನವರಿಯಲ್ಲಿ ಚೀನಾ, 2020ರ ಆರಂಭದಲ್ಲಿ ಆಸ್ಟ್ರೇಲಿಯಾ, ಹೀಗೆ ಹುಳು ನಡೆದೇ ಇತ್ತು.

ಔಷಧಿಗೆ ದುಡ್ಡಿಲ್ಲದ ಮನೆಗಳಲ್ಲಿ ಹೆಣ್ಣುಮಕ್ಕಳು ಈಗಲೂ ಸೆರಗಿನಲ್ಲಿ ಒಣ ಮರಳು ಕಟ್ಟಿಕೊಂಡು ಸಾಲು ಹಿಡಿಯುತ್ತಾರೆ. ಒಂಬತ್ತು ಪಾಲು ಮರಳಿಗೆ ಒಂದು ಪಾಲು ಸುಣ್ಣ. ಸುಳಿಗೊಂದು ಚಿಟಿಕೆ. ಮರಳು ಒಳಗಿಳಿದರೆ ಹುಳುವಿನ ಮೈ ತರಚುತ್ತದೆ, ಮೇಯಲಾಗದೆ ಸಾಯುತ್ತದೆ. ಸಾಲುಗಳ ನಡುವೆ ಎರಡಡಿ ಬಿಟ್ಟು, ಗೇಣಿಗೊಂದರಂತೆ ಬೀಜ ಊರಿದ ಎಕರೆ ಹೊಲದಲ್ಲಿ ಸುಮಾರು ಮೂವತ್ತು ಸಾವಿರ ಸುಳಿಗಳಿರುತ್ತವೆ. ಅವರು ಪ್ರತಿಯೊಂದಕ್ಕೂ ಬಗ್ಗಿ, ಎಲೆ ಸರಿಸಿ, ಒಳಗೆ ನೋಡಿಯೇ ಚಿಟಿಕೆ ಹಾಕುತ್ತಾರೆ.